ಉಪ್ಪುಗಾಳಿಯ ಊರಿನಲ್ಲಿ ಆಂಗಲ್ ಗ್ರೈಂಡರ್: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ದೋಣಿಗಳು ದಡ ಸೇರುತ್ತವೆ. ತುಕ್ಕು ಕೆರೆಯುವುದು, ತಗಡು ಕತ್ತರಿಸುವುದು, ಬೆಸುಗೆಯ ಗಂಟು ಸವರುವುದು, ಎಲ್ಲವೂ ಆಗಲೇ. ಗಾಳಿಯಲ್ಲಿ ಉಪ್ಪೂ ನೀರೂ ಒಟ್ಟಿಗೆ ತುಂಬಿರುವ ತಿಂಗಳುಗಳಲ್ಲಿಯೇ, ಡಿಸ್ಕ್ ತಿರುಗಿಸಿ ಈ ಕೆಲಸ ಮಾಡುವ ಕೈಯಂತ್ರವಾದ ಗ್ರೈಂಡರ್‌ಗೆ ವರ್ಷದ ಅತಿ ದೊಡ್ಡ ದುಡಿತ. ಆಗಸ್ಟ್ ಬಂದಿತೆಂದರೆ ನನ್ನ ರಿಪೇರಿ ಮೇಜಿನ ಮೇಲೆ ಈ ಯಂತ್ರಗಳು ಸಾಲುಗಟ್ಟುತ್ತವೆ. ತಂದವರಲ್ಲಿ ಹೆಚ್ಚಿನವರು ತೀರ್ಪನ್ನೂ ಜೊತೆಗೇ ತಂದಿರುತ್ತಾರೆ: “ಆರ್ಮೇಚರ್ ಸುಟ್ಟಿದೆ, ಹೊಸದು ಹಾಕಿ.”

ಆರ್ಮೇಚರ್ ಎಂದರೆ ಮೋಟಾರಿನೊಳಗೆ ತಿರುಗುವ, ತಾಮ್ರದ ಸುರುಳಿ ಸುತ್ತಿದ ಭಾಗ. ಬಿಚ್ಚಿ ನೋಡಿದರೆ ಎಷ್ಟೋ ಯಂತ್ರಗಳಲ್ಲಿ ಆರ್ಮೇಚರ್‌ಗೆ ಏನೂ ಆಗಿರುವುದಿಲ್ಲ. ವೈರ್ ತುಂಡಾಗಿರುತ್ತದೆ, ಕಾರ್ಬನ್ (ತಿರುಗುವ ಆರ್ಮೇಚರಿಗೆ ವಿದ್ಯುತ್ ದಾಟಿಸುವ ತುಂಡು) ಸವೆದಿರುತ್ತದೆ, ಸ್ವಿಚ್ಚಿನಲ್ಲಿ ದೂಳು ಹೆಪ್ಪುಗಟ್ಟಿರುತ್ತದೆ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಟ್ಟಲೆ ಸುರಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಇಲ್ಲಿ ಬರೆದಿರುವುದನ್ನು ಅದೇ ಕ್ರಮದಲ್ಲಿ ಮಾಡಿ. ಪ್ರತಿ ಲಕ್ಷಣದಲ್ಲೂ ಅಗ್ಗದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ.

ಕೈ ಹಾಕುವ ಮುನ್ನ

ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆಯೇ ಇಟ್ಟುಕೊಳ್ಳಿ. ಸ್ವಿಚ್ ಬೋರ್ಡಿನಲ್ಲಿ ಆಫ್ ಮಾಡಿದರೆ ಸಾಲದು. ಯಾರೋ ಬಂದು ಅಭ್ಯಾಸಬಲದಿಂದ ಒತ್ತಿಬಿಡುತ್ತಾರೆ. ಡಿಸ್ಕ್ ಪೂರ್ತಿ ನಿಂತ ಮೇಲೆ ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಈ ಬರಹದಲ್ಲಿ “ಓಡಿಸಿ ನೋಡಿ” ಎಂದಿರುವಲ್ಲೆಲ್ಲ, ಡಿಸ್ಕ್ ಹಾಕಿಯೇ ಎಂದು ಬೇರೆಯಾಗಿ ಹೇಳದಿದ್ದರೆ, ಡಿಸ್ಕ್ ಇಲ್ಲದೆ ಓಡಿಸಬೇಕು. ಕಣ್ಣಿಗೆ ಕನ್ನಡಕ ಇರಲಿ. ಲುಂಗಿಯ ತುದಿ, ಹೆಗಲ ಮೇಲಿನ ಟವೆಲ್ ಯಂತ್ರದ ಹತ್ತಿರ ಸುಳಿಯಬಾರದು.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ಲೆಕ್ಕದಲ್ಲಿ ಡಿಸ್ಕ್‌ನ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಸಿಡಿದ ಚೂರು ಹೊರಡುವುದೂ ಅದೇ ವೇಗದಲ್ಲಿ. ಗಾರ್ಡ್ ತೆಗೆದಿಟ್ಟು ಕೆಲಸ ಮಾಡುವವರ ಯಂತ್ರವನ್ನು ನಾನು ರಿಪೇರಿ ಮಾಡಿ ಕೊಡುವುದು ಗಾರ್ಡ್ ಹಾಕಿದ ಮೇಲೆಯೇ.

ಬೇಕಾದ ಸಲಕರಣೆ ಹೆಚ್ಚಿಲ್ಲ: ಸ್ಕ್ರೂಡ್ರೈವರ್, ಡಿಸ್ಕ್ ಬಿಚ್ಚುವ ಎರಡು ಪಿನ್ನಿನ ಪಾನಾ, ಹಳೆಯ ಹಲ್ಲುಜ್ಜುವ ಬ್ರಷ್, ಓಮ್ ತೋರಿಸುವ ಒಂದು ಸಾಧಾರಣ ಮಲ್ಟಿಮೀಟರ್.

ಸ್ವಿಚ್ ಒತ್ತಿದರೆ ಸದ್ದೇ ಇಲ್ಲ

ಮೊದಲು ಅದೇ ಸಾಕೆಟ್ಟಿಗೆ ಡ್ರಿಲ್ಲೋ ಇಸ್ತ್ರಿ ಪೆಟ್ಟಿಗೆಯೋ ಹಾಕಿ ನೋಡಿ. ಟೆಸ್ಟರ್ ಉರಿಯಿತು ಎಂದು ಸಮಾಧಾನಪಡಬೇಡಿ. ಟೆಸ್ಟರ್ ಹೇಳುವುದು ಫೇಸ್ ಇದೆ ಎಂದಷ್ಟೇ. ನ್ಯೂಟ್ರಲ್ ಕಡಿದಿದ್ದರೂ ಅದು ಉರಿಯುತ್ತದೆ. ಆಮೇಲೆ ಎಕ್ಸ್‌ಟೆನ್ಶನ್ ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ. ಪ್ಲಗ್ಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಕೆರೆದು ಒರೆಸಿ. ಬಂದರಿನಲ್ಲಿ ದುಡಿಯುವ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ.

ಅಷ್ಟಕ್ಕೂ ಓಡದಿದ್ದರೆ ಪ್ಲಗ್ ಕಿತ್ತು ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪ್ಲಗ್ಗಿನ ಎರಡು ಪಿನ್ನುಗಳಿಗೆ ತಾಗಿಸಿ ಯಂತ್ರದ ಸ್ವಿಚ್ ಆನ್ ಮಾಡಿ. ಸರಿ ಇರುವ ಯಂತ್ರ ಕೆಲವೇ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ದಾರಿ ಎಲ್ಲೋ ಕಡಿದಿದೆ. ಎಲ್ಲಿ ಎಂದು ತಿಳಿಯಲು ವೈರನ್ನು ಉದ್ದಕ್ಕೂ ಬಗ್ಗಿಸುತ್ತ ಬನ್ನಿ. ಹಿಡಿಯೊಳಗೆ ಹೋಗುವ ಕಡೆ, ರಬ್ಬರ್ ಕೊಳವೆಯ ಬುಡದಲ್ಲಿ ಬಗ್ಗಿಸಿದಾಗ ಅಂಕಿ ಬಂದು ಹೋದರೆ ಒಳಗಿನ ತಾಮ್ರದ ಎಳೆಗಳು ಅಲ್ಲಿಯೇ ತುಂಡಾಗಿವೆ. ದಿನಕ್ಕೆ ನೂರಾರು ಸಲ ಮಡಚಿಕೊಳ್ಳುವ ಜಾಗ ಅದು. ಅರ್ಧ ಅಡಿ ಕತ್ತರಿಸಿ ಹೊಸ ತುದಿಯನ್ನು ಒಳಗಿನ ತಿರುಪಿಗೆ ಕಟ್ಟಿದರೆ ಯಂತ್ರ ಎದ್ದು ಕೂರುತ್ತದೆ. ವೈರನ್ನು ಅಮುಕಿ ಹಿಡಿಯುವ ಪಟ್ಟಿಯನ್ನು ಮರೆಯದೆ ಬಿಗಿಯಿರಿ. ಅದು ಸಡಿಲವಾಗಿದ್ದರೆ ಒಂದು ಜಗ್ಗಿಗೆ ಫೇಸ್ ವೈರ್ ಕಿತ್ತು ಒಳಗೆಲ್ಲ ಓಲಾಡುತ್ತದೆ.

ವೈರ್ ಸರಿ ಇದ್ದರೆ ಮುಂದಿನದು ಕಾರ್ಬನ್ ಬ್ರಷ್. ಯಂತ್ರದ ಹಿಂಭಾಗದ ಎರಡೂ ಪಕ್ಕದಲ್ಲಿ ದುಂಡನೆಯ ಮುಚ್ಚಳಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಹಿಂಬದಿಯ ಪ್ಲಾಸ್ಟಿಕ್ ಬಿಚ್ಚಬೇಕು. ಕಾರ್ಬನ್ ಹೊರತೆಗೆದು ಅಳೆಯಿರಿ. 5 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಸವೆದಿರುವುದು ಒಂದೇ ಆದರೂ ಎರಡನ್ನೂ ಬದಲಿಸಿ. ಕೆಲವು ಕಾರ್ಬನ್‌ಗಳ ಒಳಗೆ ಸಣ್ಣ ಸ್ಪ್ರಿಂಗ್ ಮತ್ತು ಗುಂಡಿ ಇರುತ್ತದೆ. ಸವೆತ ಒಂದು ಮಟ್ಟ ದಾಟಿದ ಕೂಡಲೇ ಅದೇ ಸಂಪರ್ಕ ತಪ್ಪಿಸಿ ಯಂತ್ರವನ್ನು ನಿಲ್ಲಿಸುತ್ತದೆ. ನಿನ್ನೆ ಸಂಜೆ ಚೆನ್ನಾಗಿ ಓಡಿದ ಯಂತ್ರ ಬೆಳಿಗ್ಗೆ ಸತ್ತಂತೆ ಬಿದ್ದಿದ್ದರೆ ಹೆಚ್ಚಾಗಿ ಕಾರಣ ಇದೇ.

ಉದ್ದ ಸರಿ ಇದ್ದೂ ಕಾರ್ಬನ್ ಕೆಲಸ ಮಾಡದಿರುವುದು ನಮ್ಮ ಕರಾವಳಿಯ ವಿಶೇಷ ಕಾಯಿಲೆ. ಕೆಲವು ಮಳೆಗಾಲಗಳ ಹಿಂದೆ ದೋಣಿ ನಡೆಸುವ ತಾಂಡೇಲರೊಬ್ಬರು ಎರಡು ಕಡೆ ತೋರಿಸಿ, ಎರಡು ಕಡೆಯೂ ಆರ್ಮೇಚರ್ ಬದಲಿಸಬೇಕೆಂದು ಹೇಳಿಸಿಕೊಂಡ ಗ್ರೈಂಡರ್ ತಂದರು. ಕಾರ್ಬನ್ ಇನ್ನೂ ಒಂದು ಸೆಂಟಿಮೀಟರ್ ಇತ್ತು. ಆದರೆ ಹಿತ್ತಾಳೆಯ ಗೂಡಿನೊಳಗೆ ಉಪ್ಪು, ಕಬ್ಬಿಣದ ಪುಡಿ, ಕಾರ್ಬನ್ ಪುಡಿ ಸೇರಿ ಗಟ್ಟಿ ಹಕ್ಕಳೆ ಕಟ್ಟಿತ್ತು. ಸ್ಪ್ರಿಂಗ್ ಎಷ್ಟು ಒತ್ತಿದರೂ ಕಾರ್ಬನ್ ಮುಂದೆ ಸರಿಯುತ್ತಿರಲಿಲ್ಲ, ಆರ್ಮೇಚರಿನ ತುದಿಯ ತಾಮ್ರದ ಉರುಳೆಯಾದ ಕಮ್ಯುಟೇಟರನ್ನು ಮುಟ್ಟುತ್ತಲೂ ಇರಲಿಲ್ಲ. ಗೂಡು ಕೆರೆದು ಒರೆಸಿ ಅದೇ ಕಾರ್ಬನ್ ಹಾಕಿಕೊಟ್ಟೆ. ಅದಾದ ಮೇಲೂ ಆ ಯಂತ್ರ ಎರಡು ನಿಷೇಧದ ಅವಧಿ ದುಡಿಯಿತು. ಕಾರ್ಬನ್ ಗೂಡಿನೊಳಗೆ ತನ್ನ ತೂಕಕ್ಕೇ ಜಾರುವಂತಿರಬೇಕು. ಬೆರಳಿನಿಂದ ತಳ್ಳಬೇಕಾಗಿ ಬಂದರೆ ಅದು ಸರಿಯಿಲ್ಲ.

ಕಾರ್ಬನ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ದಪ್ಪದ ಕಾರ್ಬನ್ ತಂದು ಅರದಿಂದ ಉಜ್ಜಿ ಕೂರಿಸುವವರಿದ್ದಾರೆ. ತುರ್ತಿಗೆ ನಡೆದೀತು. ಆದರೆ ಗಡಸು ಬೇರೆಯಾದರೆ ಕಮ್ಯುಟೇಟರ್ ಸವೆಯುತ್ತದೆ, ಕಾರ್ಬನ್ನಿನಲ್ಲಿ ಉಳಿಸಿದ ದುಡ್ಡು ಆರ್ಮೇಚರಿಗೆ ಹೋಗುತ್ತದೆ.

ಬಿಟ್ಟು ಬಿಟ್ಟು ಓಡುತ್ತದೆ, ಇಲ್ಲವೇ ಆಫ್ ಮಾಡಿದರೂ ನಿಲ್ಲುವುದಿಲ್ಲ

ಬಿಟ್ಟು ಬಿಟ್ಟು ಓಡುವುದು ಮೇಲೆ ಹೇಳಿದ ವೈರ್ ಅಥವಾ ಕಾರ್ಬನ್ ದೋಷದ ಆರಂಭ. ಆ ಪರೀಕ್ಷೆಗಳನ್ನೇ ಮಾಡಿ.

ಎರಡನೆಯದು ಅಪಾಯಕಾರಿ. ಜಾರುವ ಗುಂಡಿಯಿಂದ ಹಿಂದಿನ ಸ್ವಿಚ್ಚಿಗೆ ಹೋಗುವ ಪ್ಲಾಸ್ಟಿಕ್ ಕಡ್ಡಿಯ ದಾರಿಯಲ್ಲಿ ದೂಳು ತುಂಬಿದರೆ ಗುಂಡಿ ಹಿಂದಕ್ಕೆ ಬಂದರೂ ಕಡ್ಡಿ ಬರುವುದಿಲ್ಲ. ಚಿರೆಕಲ್ಲು ಕತ್ತರಿಸುವ ಯಂತ್ರಗಳಲ್ಲಿ ಇದು ಹೆಚ್ಚು. ಆ ಕೆಂಪು ದೂಳಿಗೆ ತೇವ ತಾಗಿದರೆ ಮಣ್ಣಿನ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಬಿಚ್ಚಿ, ಒಣ ಬ್ರಷ್ಷಿನಿಂದ ತೆಗೆದು, ಗಾಳಿ ಹೊಡೆಯಿರಿ. ಎಣ್ಣೆ ಬಿಡಬೇಡಿ, ಅದು ಮುಂದಿನ ದೂಳನ್ನು ಕರೆದು ಕೂರಿಸುತ್ತದೆ. ಸ್ವಿಚ್ಚಿನೊಳಗಿನ ತುದಿಗಳೇ ಕರಗಿ ಅಂಟಿಕೊಂಡಿದ್ದರೆ ಸ್ವಿಚ್ ಬದಲಿಸುವುದೊಂದೇ ದಾರಿ.

ಸ್ವಿಚ್ ತೆಗೆದು ವೈರನ್ನು ನೇರ ಜೋಡಿಸಿ, ಬೋರ್ಡಿನಿಂದಲೇ ಆನ್–ಆಫ್ ಮಾಡುವ ಪದ್ಧತಿಯೊಂದಿದೆ. ದಯವಿಟ್ಟು ಬೇಡ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಯಂತ್ರವನ್ನು ನೆಲಕ್ಕಿಟ್ಟು ಚಹಾ ಕುಡಿಯಲು ಹೋಗಿರುತ್ತೀರಿ, ಕರೆಂಟು ಬರುತ್ತದೆ. ಡಿಸ್ಕ್ ತಿರುಗುತ್ತ ಯಂತ್ರ ನೆಲದ ಮೇಲೆ ನೆಗೆದಾಡುತ್ತದೆ. ಅದರ ಹತ್ತಿರ ಮಗುವೊಂದು ಇದ್ದರೆ ಏನಾದೀತು ಎಂದು ಯೋಚಿಸಿ.

ಹಿಂಬದಿಯ ಕಿಂಡಿಯಲ್ಲಿ ಕಿಡಿ ಕಾಣಿಸುತ್ತದೆ

ಕಿಡಿ ಕಂಡವರೆಲ್ಲ ಹೆದರುತ್ತಾರೆ. ಕಿಡಿಯಲ್ಲಿ ಬಗೆಗಳಿವೆ. ಅದನ್ನು ಓದಲು ಕಲಿತರೆ ಅರ್ಧ ರೋಗ ತಿಳಿದಂತೆ.

ಕಾರ್ಬನ್ ಕಮ್ಯುಟೇಟರನ್ನು ಮುಟ್ಟುವ ಅಂಚಿನಲ್ಲಿ ಸಣ್ಣ ನೀಲಿ ಕಿಡಿಗಳು ಮಿನುಗುವುದು ಸಹಜ. ಹೊಸ ಕಾರ್ಬನ್ ಹಾಕಿದ ದಿನ ಇದು ಸ್ವಲ್ಪ ಹೆಚ್ಚಿರುತ್ತದೆ. ಚಪ್ಪಟೆ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ಸಮಯ ಬೇಕು. ಐದು ಹತ್ತು ನಿಮಿಷ ಸುಮ್ಮನೆ ಓಡಿಸಿದರೆ ಇಳಿಯುತ್ತದೆ.

ಕಿಡಿ ಹಳದಿಯಾಗಿ, ಉದ್ದವಾಗಿ, ಕೆಲಸದ ಭಾರ ಬಿದ್ದಾಗ ಚಿಮ್ಮುತ್ತಿದ್ದರೆ ಕಮ್ಯುಟೇಟರನ್ನು ನೋಡಿ. ಅದು ತಾಮ್ರದ ಪಟ್ಟಿಗಳನ್ನು ದುಂಡಗೆ ಜೋಡಿಸಿದ ಉರುಳೆ; ಪಟ್ಟಿಗಳ ನಡುವೆ ವಿದ್ಯುತ್ ಹರಿಯದ ಸಣ್ಣ ಸಂದು. ಆರೋಗ್ಯವಂತ ಕಮ್ಯುಟೇಟರಿನ ಬಣ್ಣ ನಯವಾದ ಕಂದು. ಒಂದೇ ಸಮನೆ ಕಪ್ಪಾಗಿದ್ದರೆ ಕಾರ್ಬನ್ ಪುಡಿ ಮೆತ್ತಿದೆ. ಹಸಿರು ಚುಕ್ಕೆಗಳಿದ್ದರೆ ಉಪ್ಪುಗಾಳಿ ತಾಮ್ರವನ್ನು ತಿನ್ನತೊಡಗಿದೆ. ಇವೆರಡೂ ಮನೆಯಲ್ಲಿಯೇ ಸರಿಯಾಗುತ್ತವೆ. 400 ನಂಬರಿನ ಮರಳು ಕಾಗದದ ಪಟ್ಟಿಯನ್ನು ಕಮ್ಯುಟೇಟರಿಗೆ ಸುತ್ತಿ, ಆರ್ಮೇಚರನ್ನು ಕೈಯಲ್ಲಿ ತಿರುಗಿಸುತ್ತ ಹಗುರವಾಗಿ ಉಜ್ಜಿ. ಎಮರಿ ಬಟ್ಟೆ ಬೇಡ. ಅದರ ಗಡಸು ಕಣಗಳು ಸಂದಿನಲ್ಲಿ ಸಿಕ್ಕಿ ಹೊಸ ತೊಂದರೆ ತರುತ್ತವೆ. ಆಮೇಲೆ ಪ್ರತಿ ಸಂದನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಸಂದಿನಲ್ಲಿ ಉಳಿದ ಕಾರ್ಬನ್ ಪುಡಿ ಪಕ್ಕದ ಪಟ್ಟಿಗೆ ಸೇತುವೆಯಾಗುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಬಿಡಿ. ಆವಿ ಒಳಗೆ ಉಳಿದಿದ್ದರೆ ಮೊದಲ ಕಿಡಿಗೇ ಹೊತ್ತಿಕೊಳ್ಳುತ್ತದೆ.

ಎಲ್ಲ ಪಟ್ಟಿಗಳೂ ಚೆನ್ನಾಗಿದ್ದು ಒಂದೆರಡು ಮಾತ್ರ ಸುಟ್ಟು ಗುಳಿ ಬಿದ್ದಿದ್ದರೆ ಆ ಪಟ್ಟಿಗೆ ಸೇರಿದ ಸುರುಳಿ ಕಡಿದಿದೆ ಅಥವಾ ಬೆಸುಗೆ ಬಿಟ್ಟಿದೆ. ಮಲ್ಟಿಮೀಟರಿನಿಂದ ಅಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವಿನ ಓಮ್ ಅಳೆಯುತ್ತ ಪೂರ್ತಿ ಸುತ್ತು ಬನ್ನಿ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದು ಕಡೆ ಹಠಾತ್ತನೆ ಏರಿದರೆ ಕಡಿತ, ಇಳಿದರೆ ಸುರುಳಿಯೊಳಗೆ ಶಾರ್ಟ್. ಆಮೇಲೆ ಒಂದು ಕಡ್ಡಿಯನ್ನು ನಡುವಿನ ಉಕ್ಕಿನ ದಂಡಕ್ಕೆ, ಇನ್ನೊಂದನ್ನು ಪಟ್ಟಿಗಳಿಗೆ ತಾಗಿಸಿ. ಇಲ್ಲಿ ಅಂಕಿ ಬರಲೇಬಾರದು. ಬಂದರೆ ಆರ್ಮೇಚರಿನ ನಿರೋಧಕ ಪದರ ಸುಟ್ಟಿದೆ ಅಥವಾ ತೇವ ಕುಡಿದಿದೆ.

ಕೊನೆಯ ಬಗೆಯ ಕಿಡಿ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ತೊಡಿಸಿದಂತೆ ಉರಿಯುತ್ತದೆ. ಅದು ಕಂಡ ಕ್ಷಣ ನಿಲ್ಲಿಸಿ. ಇನ್ನೊಮ್ಮೆ ಓಡಿಸಿ ಖಚಿತಪಡಿಸಿಕೊಳ್ಳುವ ಆಸೆ ಬೇಡ, ಆ ಇನ್ನೊಂದು ಸಲದಲ್ಲಿ ಆರ್ಮೇಚರಿನ ಸುತ್ತ ತಿರುಗದೆ ಕೂತಿರುವ ಫೀಲ್ಡ್ ಕಾಯಿಲೂ ಜೊತೆಗೆ ಹೋಗುತ್ತದೆ. ವೈಂಡಿಂಗ್ ಅಂಗಡಿಯಲ್ಲಿ ಗ್ರೌಲರ್ ಎಂಬ ಉಪಕರಣ ಇರುತ್ತದೆ. ಅದರ ಮೇಲೆ ಆರ್ಮೇಚರ್ ಇಟ್ಟು ಹ್ಯಾಕ್ಸಾ ಬ್ಲೇಡು ಹಿಡಿದರೆ ಶಾರ್ಟ್ ಆದ ಸುರುಳಿಯ ಮೇಲೆ ಬ್ಲೇಡು ಗರಗರನೆ ಅದುರುತ್ತದೆ. ನಿಮ್ಮ ಕಣ್ಣೆದುರೇ ಆ ಪರೀಕ್ಷೆ ಮಾಡಿಸಿ. ಬ್ಲೇಡು ಅದುರದೆ, ಮೇಲಿನ ಮೀಟರ್ ಪರೀಕ್ಷೆಯೂ ಸರಿ ಬಂದರೆ ಆರ್ಮೇಚರ್ ಬದಲಿಸಲು ಒಪ್ಪಬೇಡಿ. 4 ಇಂಚಿನ ಯಂತ್ರದ ಆರ್ಮೇಚರನ್ನು ಮರುಸುತ್ತಿಸುವುದಕ್ಕಿಂತ ಹೊಸದು ಕೊಳ್ಳುವುದು ವಾಸಿ ಎಂಬುದು ನನ್ನ ಅನುಭವ. 7 ಇಂಚಿನದಾದರೆ ಒಳ್ಳೆಯ ಕೈ ಸಿಕ್ಕಾಗ ಸುತ್ತಿಸಬಹುದು.

ಓಡುತ್ತದೆ, ಆದರೆ ಬಲವಿಲ್ಲ

ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರದ ಕಡೆಯ ತೋಟದ ಮನೆಗಳಿಂದ ಹೆಚ್ಚಾಗಿ ಬರುವ ದೂರು ಇದು. ಅಲ್ಲಿ ನಾನು ಮೊದಲು ಕೇಳುವುದು ಯಾವ ಹೊತ್ತಿನಲ್ಲಿ ಕೆಲಸ ಮಾಡಿದಿರಿ, ಎಷ್ಟು ಉದ್ದದ ವೈರ್ ಎಳೆದಿರಿ ಎಂದು. ವಿದ್ಯುತ್ ತಂತಿಯ ಕೊನೆಯ ಮನೆಯಲ್ಲಿ, ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಸಾಕೆಟ್ಟಿನಲ್ಲಿ ಅಳೆದು ನೋಡಿ. 230ರ ಜಾಗದಲ್ಲಿ 180 ಬರುತ್ತಿದ್ದರೆ ಯಂತ್ರದ್ದೇನೂ ತಪ್ಪಿಲ್ಲ. ಮೀಟರ್ ಬಳಸಲು ತಿಳಿಯದಿದ್ದರೆ ಎಲೆಕ್ಟ್ರೀಷಿಯನ್ ಕೈಯಲ್ಲಿ ಅಳೆಸಿ.

ಎಕ್ಸ್‌ಟೆನ್ಶನ್ ವೈರಿನ ಲೆಕ್ಕ ಹೀಗಿದೆ. 0.5 ಚದರ ಮಿಲಿಮೀಟರಿನ ತೆಳು ತಾಮ್ರದ ವೈರನ್ನು ತೋಟದ ತುದಿಗೆ 50 ಮೀಟರ್ ಎಳೆದರೆ ಹೋಗಿ ಬರುವ ದಾರಿಯ ರೋಧ ಸುಮಾರು 3.9 ಓಮ್. 850 ವ್ಯಾಟಿನ 4 ಇಂಚಿನ ಯಂತ್ರ ಸುಮಾರು 3.7 ಆಂಪಿಯರ್ ಎಳೆಯುವಾಗ 14 ವೋಲ್ಟ್ ದಾರಿಯಲ್ಲಿಯೇ ಕರಗುತ್ತದೆ. 2,000 ವ್ಯಾಟಿನ 7 ಇಂಚಿನ ಯಂತ್ರವಾದರೆ 34 ವೋಲ್ಟ್. ಕಳೆದುಹೋದದ್ದೆಲ್ಲ ವೈರನ್ನು ಕಾಯಿಸುತ್ತದೆ. 1.5 ಚದರ ಮಿಲಿಮೀಟರಿನ ವೈರ್ ಹಾಕಿದರೆ ಈ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ; ಸುತ್ತಿಟ್ಟ ವೈರ್ ಒಳಗೊಳಗೇ ಕಾದು ಅಂಟಿಕೊಳ್ಳುತ್ತದೆ.

ವೋಲ್ಟೇಜ್ ಸರಿ ಇದ್ದರೆ ಕಾರ್ಬನ್ ನೋಡಿ. ಸ್ಪ್ರಿಂಗ್ ಸೋತಿರಬಹುದು. ಆಮೇಲೆ ಪ್ಲಗ್ ಕಿತ್ತು ಸ್ಪಿಂಡಲನ್ನು, ಅಂದರೆ ಡಿಸ್ಕ್ ಕೂರುವ ದಂಡವನ್ನು, ಕೈಯಲ್ಲಿ ತಿರುಗಿಸಿ. ಸಮನಾದ ಸಣ್ಣ ತಡೆ ಸಹಜ; ಒಂದು ಜಾಗದಲ್ಲಿ ಬಿಗಿದು ಹಿಡಿದರೆ ಬೇರಿಂಗ್ ಅಥವಾ ಗೇರ್ ಕೆಟ್ಟಿದೆ. ಇವೆಲ್ಲ ಸರಿಯಿದ್ದೂ ಬಲ ಕುಂದಿ, ಕಿಡಿ ಹೆಚ್ಚಾಗಿ, ಬೇಗನೆ ಕಾಯುತ್ತಿದ್ದರೆ ಆಗ ಮಾತ್ರ ಆರ್ಮೇಚರಿನ ಶಾರ್ಟ್ ಬಗ್ಗೆ ಅನುಮಾನ ಪಡಿ.

ಇನ್ನೊಂದು ಕಾರಣ ಕೆಲಸಗಾರನ ಕೈಯಲ್ಲಿಯೇ ಇರುತ್ತದೆ. ಕಟಿಂಗ್ ಡಿಸ್ಕ್ ತನ್ನ ವೇಗದಿಂದ ಕತ್ತರಿಸುತ್ತದೆ, ನಿಮ್ಮ ಭುಜದ ಬಲದಿಂದಲ್ಲ. ಸದ್ದು ಇಳಿಯುವಷ್ಟು ಒತ್ತಿದರೆ ಒಳಗಿನ ಫ್ಯಾನೂ ನಿಧಾನವಾಗುತ್ತದೆ, ತಂಪು ಕಡಿಮೆಯಾಗಿ ಬಿಸಿ ಏರುತ್ತದೆ.

ಹಿಡಿಯಲಾಗದಷ್ಟು ಬಿಸಿ, ಸುಟ್ಟ ವಾಸನೆ

ಗೇರಿನ ತಲೆ ಬೆಚ್ಚಗಾಗುವುದು ಸಹಜ. ಹಿಡಿಯ ಪ್ಲಾಸ್ಟಿಕ್ ಸುಡುತ್ತಿದ್ದರೆ ಸಹಜವಲ್ಲ. ಮೊದಲು ಗಾಳಿಕಿಂಡಿಗಳನ್ನು ನೋಡಿ. ಗಾಳಿ ಹಿಂದಿನಿಂದ ಒಳಹೊಕ್ಕು ಗೇರಿನ ಬಳಿ ಹೊರಬರುತ್ತದೆ. ಹಿಂದಿನ ಕಿಂಡಿ ಅಂಗೈಯಿಂದ ಮುಚ್ಚಿದ್ದರೂ ಸಾಕು, ಯಂತ್ರಕ್ಕೆ ಉಸಿರು ಕಟ್ಟುತ್ತದೆ. ದೂಳು ತಡೆಯಲೆಂದು ಬಟ್ಟೆ ಸುತ್ತುವುದೂ ಅಷ್ಟೇ ಕೆಟ್ಟದ್ದು. ಗಾಳಿ ಹೊಡೆದು ಸ್ವಚ್ಛ ಮಾಡಿ, ಒಂದು ನಿಮಿಷ ಭಾರವಿಲ್ಲದೆ ಓಡಿಸಿದರೆ ತಣಿಯುತ್ತದೆ.

ಮೂಗಿಗೂ ಇಲ್ಲಿ ಕೆಲಸವಿದೆ. ಸಿಡಿಲು ಹೊಡೆದ ಮೇಲಿನ ಗಾಳಿಯಂಥ ಚುರುಕು ವಾಸನೆ ಕಿಡಿಯದು. ಕರಿದ ಎಣ್ಣೆಯ ವಾಸನೆ ಗ್ರೀಸಿನದು. ಮೂಗಿಗೆ ಚುಚ್ಚುವ, ಗಂಟೆ ಕಳೆದರೂ ಹೋಗದ ವಾರ್ನಿಷ್ ವಾಸನೆ ಬಂದರೆ ಸುರುಳಿ ಬೇಯುತ್ತಿದೆ. ಆಗ ಫೀಲ್ಡಿನ ಎರಡು ಕಾಯಿಲುಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಎರಡರಲ್ಲೂ ಒಂದೇ ಓಮ್ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಅದು ಶಾರ್ಟ್ ಆಗಿದೆ. ಹೊಗೆ ಕಂಡಿದ್ದರೆ ಅಳೆಯುವುದೂ ಬೇಡ, ನೇರ ರಿಪೇರಿ ಅಂಗಡಿಗೆ ಒಯ್ಯಿರಿ.

ಕರಕರ, ಗರಗರ, ಕಿರುಚಾಟ

ಡಿಸ್ಕ್ ಬಿಚ್ಚಿ ಓಡಿಸಿ ಕೇಳಿ. ಸದ್ದು ಹೋದರೆ ದೋಷ ಡಿಸ್ಕಿನದು. ಮುಂದಿನ ಭಾಗಕ್ಕೆ ಹೋಗಿ.

ಹಿಂಬದಿಯಿಂದ ಸೀಟಿಯಂಥ ಕಿರುಚು ಬಂದರೆ ಕಮ್ಯುಟೇಟರ್ ಕಡೆಯ ಸಣ್ಣ ಬೇರಿಂಗ್. ದೂಳುಗಾಳಿ ಮೊದಲು ಹಾಯುವುದು ಅದರ ಮೇಲೆಯೇ, ಆದ್ದರಿಂದ ಅದೇ ಮೊದಲು ಸಾಯುತ್ತದೆ. ಅನೇಕ ಸಣ್ಣ ಯಂತ್ರಗಳಲ್ಲಿ ಅಲ್ಲಿ 607 ನಂಬರಿನ ಬೇರಿಂಗ್ ಇರುತ್ತದೆ: ಒಳವ್ಯಾಸ 7, ಹೊರವ್ಯಾಸ 19, ದಪ್ಪ 6 ಮಿಲಿಮೀಟರ್. ನಿಮ್ಮದರ ಮೇಲಿನ ನಂಬರ್ ಓದಿ ಅದನ್ನೇ ತನ್ನಿ. ತಗಡಿನ ಮುಚ್ಚಳದ್ದು ಬೇಡ, ಎರಡೂ ಕಡೆ ರಬ್ಬರ್ ಮುಚ್ಚಳ ಇರುವುದನ್ನು ಕೇಳಿ. ನಮ್ಮ ಗಾಳಿಗೆ ಅದೇ ಸರಿ. ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಒತ್ತಬೇಕು. ಹೊರಬಳೆಗೆ ಸುತ್ತಿಗೆ ಬಿದ್ದರೆ ಗುಂಡುಗಳು ದಾರಿಯ ಮೇಲೆ ಗುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಕಿರುಚುತ್ತದೆ. ಬೇರಿಂಗನ್ನು ತಡಮಾಡಬೇಡಿ. ಅದು ಸಡಿಲಗೊಂಡರೆ ಆರ್ಮೇಚರ್ ಓಲಾಡಿ ಫೀಲ್ಡಿಗೆ ಉಜ್ಜುತ್ತದೆ, ಎರಡೂ ಒಟ್ಟಿಗೆ ಹಾಳಾಗುತ್ತವೆ.

ಮುಂದಿನ ತಲೆಯಿಂದ ಗರಗರ ಬಂದರೆ ಗೇರು. ನಾಲ್ಕು ತಿರುಪು ಬಿಚ್ಚಿದರೆ ತಲೆ ಕೈಗೆ ಬರುತ್ತದೆ. ಗ್ರೀಸು ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಮಿಂಚುವ ಪುಡಿ ಸಿಕ್ಕರೆ ಹಲ್ಲು ಸವೆಯುತ್ತಿದೆ. ನೀರು ಹೊಕ್ಕಿದ್ದರೆ ಗ್ರೀಸು ಮಜ್ಜಿಗೆಯ ಹಾಗೆ ಬೆಳ್ಳಗಾಗಿರುತ್ತದೆ. ಪೂರ್ತಿ ಒರೆಸಿ ತೆಗೆದು, ಲಿಥಿಯಂ ಗ್ರೀಸನ್ನು ಹಲ್ಲು ಮುಚ್ಚುವಷ್ಟು, ಗೂಡಿನ ಅರ್ಧ ದಾಟದಷ್ಟು ತುಂಬಿ. ಹೆಚ್ಚು ಹಾಕಿದರೆ ಕಾದು ಮೋಟಾರಿನ ಕಡೆಗೆ ಜಾರುತ್ತದೆ, ದೂಳಿನೊಡನೆ ಸೇರಿ ಫೀಲ್ಡಿಗೆ ಮೆತ್ತುತ್ತದೆ. ಹಲ್ಲು ಮುರಿದಿದ್ದರೆ ದೊಡ್ಡದು ಸಣ್ಣದು ಎರಡನ್ನೂ ಜೋಡಿಯಾಗಿಯೇ ಬದಲಿಸಿ.

ಯಂತ್ರ ಪೂರ್ತಿ ನಿಲ್ಲುವ ಮೊದಲೇ ಸ್ಪಿಂಡಲ್ ಲಾಕ್ ಗುಂಡಿ ಒತ್ತುವವರ ಗೇರು ಬೇಗ ಮುರಿಯುತ್ತದೆ.

ಕೈ ನಡುಗುವಷ್ಟು ಅದುರುತ್ತದೆ

ಯಂತ್ರವನ್ನು ಬಿಚ್ಚಲು ಆತುರಪಡಬೇಡಿ. ಮೊದಲು ಡಿಸ್ಕ್ ಬದಲಿಸಿ ನೋಡಿ. ಅಂಚು ಮುರಿದಿದೆಯೇ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿಯಿರಿ. ಸಂದೇಹ ಬಂದರೂ ಮುರಿದು ಎಸೆಯಿರಿ, ಬೇರೆ ಯಾರೂ ಬಳಸದಿರಲಿ.

ನಂತರ ಒಳಗಿನ ಫ್ಲ್ಯಾಂಜ್, ಅಂದರೆ ಡಿಸ್ಕ್ ಒರಗಿ ಕೂರುವ ಲೋಹದ ಬಿಲ್ಲೆ. ಅದರ ಮೇಲೆ ಕಬ್ಬಿಣದ ಪುಡಿ ಅಂಟಿದ್ದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. 4 ಇಂಚಿನ ಡಿಸ್ಕಿನ ರಂಧ್ರ 16 ಮಿಲಿಮೀಟರ್, 5 ಮತ್ತು 7 ಇಂಚಿನವಕ್ಕೆ 22.23. ದೊಡ್ಡ ರಂಧ್ರದ ಡಿಸ್ಕನ್ನು ಸಣ್ಣ ಫ್ಲ್ಯಾಂಜಿಗೆ ಅಂದಾಜಿನಲ್ಲಿ ಕೂರಿಸಿದರೆ ನಡು ತಪ್ಪಿ ಅದುರುತ್ತದೆ. 7 ಇಂಚಿನ ಡಿಸ್ಕಿಗೆ ನಿಮಿಷಕ್ಕೆ 8,500 ಸುತ್ತು ಮಿತಿ. ಅದನ್ನು 11,000 ಸುತ್ತಿನ ಸಣ್ಣ ಯಂತ್ರಕ್ಕೆ ಹಾಕುವುದು ಬಾಂಬು ಕಟ್ಟಿದಂತೆ. ಮರ ಕತ್ತರಿಸುವ ಹಲ್ಲಿನ ಬ್ಲೇಡೂ ಗ್ರೈಂಡರಿಗೆ ಸಲ್ಲದು. ಅದು ಕಚ್ಚಿಕೊಂಡರೆ ಯಂತ್ರ ಮುಖದ ಕಡೆಗೆ ನೆಗೆಯುತ್ತದೆ.

ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಬಳಕೆಯ ಕೊನೆಯ ದಿನಾಂಕ, ತಯಾರಾದ ದಿನದಿಂದ ಹೆಚ್ಚೆಂದರೆ ಮೂರು ವರ್ಷ. ಕಣಗಳನ್ನು ಹಿಡಿದಿಡುವ ರಾಳ ತೇವ ಕುಡಿದು ದುರ್ಬಲವಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ದೋಣಿಯ ಪೆಟ್ಟಿಗೆಯಲ್ಲಿಟ್ಟ ಡಿಸ್ಕುಗಳಿಗೆ ನಮ್ಮ ಹವೆಯಲ್ಲಿ ಆ ಮೂರು ವರ್ಷವೂ ದೂರದ ಮಾತು. ಬಳೆಯ ಅಂಕಿ ಓದದೆ ಡಿಸ್ಕ್ ಕೊಳ್ಳಬೇಡಿ, ಒಣ ಡಬ್ಬಿಯಲ್ಲಿ ಚಪ್ಪಟೆಯಾಗಿ ಇಡಿ. ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜುವ ಕೆಲಸವನ್ನಂತೂ ಮಾಡಲೇಬೇಡಿ.

ಹೊಸ ಡಿಸ್ಕಿನಲ್ಲೂ ಅದುರಿದರೆ ಸ್ಪಿಂಡಲ್ ಹಿಡಿದು ಅಕ್ಕಪಕ್ಕ ಅಲುಗಿಸಿ. ಆಟ ಕಂಡರೆ ಬೇರಿಂಗ್. ಆಟವಿಲ್ಲದೆ ತುದಿ ಓಲುತ್ತಿದ್ದರೆ ಸ್ಪಿಂಡಲ್ ಬಗ್ಗಿದೆ. ಹೆಚ್ಚಾಗಿ ಎತ್ತರದಿಂದ ಬಿದ್ದದ್ದರ ಫಲ. ಬಡಿದು ನೆಟ್ಟಗೆ ಮಾಡಬೇಡಿ, ಬದಲಿಸಿ. ಹೊಸ ಡಿಸ್ಕ್ ಹಾಕಿದಾಗಲೆಲ್ಲ ಗಾರ್ಡ್ ಹಾಕಿಕೊಂಡು, ಅಂಚಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಒಂದು ನಿಮಿಷ ಖಾಲಿ ಓಡಿಸಿ.

ಕೈಗೆ ಜುಮ್ಮೆನ್ನುತ್ತದೆ

ನಿಲ್ಲಿಸಿ. ಚಪ್ಪಲಿ ಬದಲಿಸಿ ನೋಡುವುದು, ಕೈಗವಸು ಹಾಕಿ ಮುಂದುವರಿಸುವುದು ಯಾವುದೂ ಬೇಡ. ಚೌಕದೊಳಗೊಂದು ಚೌಕದ ಗುರುತಿರುವ ಈ ಯಂತ್ರಗಳಿಗೆ ಎರಡು ಪದರದ ನಿರೋಧಕ ರಕ್ಷಣೆ ಇರುತ್ತದೆ, ಅರ್ಥಿಂಗ್ ವೈರ್ ಇರುವುದಿಲ್ಲ. ಜುಮ್ಮೆಂದರೆ ಆ ಎರಡೂ ಪದರ ಸೋತಿವೆ ಎಂದರ್ಥ. ಉಪ್ಪು ತೇವವೂ ಕಬ್ಬಿಣದ ಪುಡಿಯೂ ಸೇರಿ ಒಳಗೆ ದಾರಿ ಮಾಡಿಕೊಂಡಿರುತ್ತವೆ. ಒದ್ದೆ ಉಕ್ಕಿನ ದೋಣಿಯ ಮೇಲೆ ಕೂತವನಿಗೆ ಇದು ಪ್ರಾಣಕ್ಕೇ ಬರುತ್ತದೆ. ಬಿಚ್ಚಿ, ಸ್ವಚ್ಛಗೊಳಿಸಿ, ಒಣಗಿಸಿ, ನಿರೋಧಕ ಪದರ ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ಪರೀಕ್ಷೆಯಾಗುವವರೆಗೆ ಆ ಯಂತ್ರಕ್ಕೆ ಕರೆಂಟು ಕೊಡಬಾರದು. ದಡದಲ್ಲಿ ದೋಣಿ ಕೆಲಸ ಮಾಡಿಸುವವರು ಬೋರ್ಡಿಗೆ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು.

ಹಿಡಿಯ ಪ್ಲಾಸ್ಟಿಕ್ ಒಡೆದಿದ್ದರೂ ಇದೇ ಮಾತು. ಟೇಪು ಸುತ್ತಿದರೆ ಬಿರುಕು ಮರೆಯಾಗುತ್ತದೆ, ರಕ್ಷಣೆ ಮರಳುವುದಿಲ್ಲ. ಆರ್ಮೇಚರ್, ಫೀಲ್ಡ್ ಎರಡೂ ಹೋಗಿದ್ದರೆ, ಇಲ್ಲವೇ ಗೇರಿನ ತಲೆಯ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿ ಬೇರಿಂಗ್ ಗೂಡು ಸಡಿಲವಾಗಿದ್ದರೆ, ಆ ಯಂತ್ರವನ್ನು ಬಿಡಿ ಭಾಗಗಳಿಗಾಗಿ ಇಟ್ಟುಕೊಳ್ಳಿ ಎಂದು ನಾನು ಹೇಳಿ ಕಳಿಸುತ್ತೇನೆ.

ತಿಂಗಳುಗಟ್ಟಲೆ ಬಿದ್ದಿದ್ದ ಯಂತ್ರ

ಸಿರ್ಸಿ ಕಡೆಯಿಂದ ಬಂದ ಕೆಲವು ಯಂತ್ರಗಳ ತಾಮ್ರ ಕಡಲ ದಂಡೆಯ ಯಂತ್ರಗಳಿಗಿಂತ ಹೆಚ್ಚು ಹಸಿರಾಗಿದ್ದುದು ನನಗೆ ಬಹುಕಾಲ ಒಗಟಾಗಿತ್ತು. ವಿಚಾರಿಸಿದಾಗ ತಿಳಿಯಿತು, ಅವನ್ನು ಇಡುತ್ತಿದ್ದುದು ಕೊಟ್ಟಿಗೆಯ ಅಟ್ಟದಲ್ಲಿ. ಗಂಜಲದಿಂದೇಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತದ ಚೀಲದ ಪಕ್ಕವೂ ಬೇಡ. ಅದರ ಪುಡಿ ತೇವದೊಡನೆ ಸೇರಿದರೆ ಉಕ್ಕು, ಅಲ್ಯೂಮಿನಿಯಂ ಎರಡನ್ನೂ ಕೊರೆಯುತ್ತದೆ. ಗಾಳಿ ಹೊಡೆದು, ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿಂಡಲಿಗೆ ಒಂದು ಹನಿ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ.

ಮಳೆಗಾಲದ ನಂತರ ಹೊರತೆಗೆದಾಗ ನೇರ ಸ್ವಿಚ್ ಒತ್ತಬೇಡಿ. ಒಂದು ದಿನ ಬಿಸಿಲು ಬೀಳುವ ಜಗಲಿಯಲ್ಲಿಡಿ. ಸ್ಪಿಂಡಲನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಕಾರ್ಬನ್ ತೆಗೆದು ಗೂಡಿನಲ್ಲಿ ಸಲೀಸಾಗಿ ಜಾರುತ್ತದೆಯೇ ನೋಡಿ. ಪ್ಲಗ್ಗಿನ ಪಿನ್ ಒರೆಸಿ. ಆಮೇಲೆ ಡಿಸ್ಕ್ ಇಲ್ಲದೆ ಅರ್ಧ ನಿಮಿಷ ಓಡಿಸಿ, ಹಿಂಬದಿಯ ಕಿಡಿಯನ್ನು ನೋಡುತ್ತ, ಮೊರೆತ ಒಂದೇ ಸಮನೆ ಇದೆಯೇ ಎಂದು ಕೇಳುತ್ತ ನಿಲ್ಲಿ. ಎಲ್ಲ ಸರಿಯೆನಿಸಿದರೆ ಬಳೆಯ ಮೇಲಿನ ದಿನಾಂಕ ಓದಿ ಡಿಸ್ಕ್ ಕೂರಿಸಿ.